ಪದಚರ್ಚೆ: ‘ಫೆಸ್ತೆಹೊ’ ಅಂದರೆ ಹಬ್ಬವೇ? ‘ಕಹೋನ್’ಗೆ ಪೆಟ್ಟಿಗೆ ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ಒಂದು ನೃತ್ಯ ಕಾರ್ಯಕ್ರಮಕ್ಕೆ ಎರಡು ಪುಟದ ಪರಿಚಯ ಬರೆದುಕೊಡ್ತೇನೆ ಅಂತ ಒಪ್ಪಿಕೊಂಡು ಸಿಕ್ಕಿಹಾಕಿಕೊಂಡಿದ್ದೇನೆ. ವಿಷಯ ಪೆರು ದೇಶದಲ್ಲಿರುವ ಆಫ್ರಿಕಾ ಮೂಲದ ಜನರ ಸಂಗೀತ, ಅದರಲ್ಲೂ ‘ಫೆಸ್ತೆಹೊ’. ಕೆಲವು ಪದಗಳ ಹತ್ತಿರ ಪೆನ್ನು ನಿಂತುಬಿಟ್ಟಿದೆ.

ಮೊದಲು ಹೆಸರೇ ತಗೊಳ್ಳಿ. ಸ್ಪ್ಯಾನಿಷ್‌ನಲ್ಲಿ ‘ಫೆಸ್ತೆಹಾರ್’ ಅಂದರೆ ಸಂಭ್ರಮಿಸು, ಅದರ ನಾಮಪದ ಫೆಸ್ತೆಹೊ. ಬರೆಯುವುದು ‘ಜೆ’ ಅಕ್ಷರದಿಂದ, ಓದುವುದು ನಮ್ಮ ‘ಹ’ಕ್ಕೆ ಹತ್ತಿರ. ಆದ್ದರಿಂದ ಕನ್ನಡದಲ್ಲಿ ‘ಫೆಸ್ಟೆಜೋ’ ಬೇಡ. ಮಂಗಳೂರು ಕಡೆಯವಳಾದ ನನಗೆ ಈ ಪದ ಕಿವಿಗೆ ಬಿದ್ದಾಗ ತಟ್ಟನೆ ನೆನಪಾದದ್ದು ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ನಮ್ಮೂರ ಕ್ಯಾಥೊಲಿಕರು ಆಚರಿಸುವ ಮೇರಿ ಮಾತೆಯ ಹಬ್ಬ. ಚಿಕ್ಕಂದಿನಲ್ಲಿ ಪಕ್ಕದ ಮನೆಯ ಮಕ್ಕಳು ಒಂಬತ್ತು ದಿನ ನಮ್ಮ ಅಂಗಳದ ಹೂವೆಲ್ಲ ಕೊಯ್ದು ಇಗರ್ಜಿಗೆ ಒಯ್ಯುತ್ತಿದ್ದರು. ಅಮ್ಮ ಗೊಣಗುತ್ತಲೇ ಬುಟ್ಟಿ ತುಂಬಿಸಿ ಕೊಡುತ್ತಿದ್ದಳು. ಕೊಂಕಣಿಯ ‘ಫೆಸ್ತ್’ ಬಂದದ್ದು ಪೋರ್ಚುಗೀಸರ ‘ಫೆಸ್ತ’ದಿಂದ. ಪೋರ್ಚುಗೀಸ್, ಸ್ಪ್ಯಾನಿಷ್ ಎರಡೂ ಲ್ಯಾಟಿನ್ನಿನ ಮಕ್ಕಳು. ಅಲ್ಲಿಗೆ ನಮ್ಮೂರ ಫೆಸ್ತ್ ಮತ್ತು ಪೆರುವಿನ ಫೆಸ್ತೆಹೊ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಾದವು. ಮೊಂತಿ ಫೆಸ್ತನ್ನು ಕನ್ನಡದಲ್ಲಿ ‘ತೆನೆಹಬ್ಬ’ ಅನ್ನುತ್ತೇವೆ. ಹಾಗಾದರೆ ಫೆಸ್ತೆಹೊ ‘ಹಬ್ಬದ ಹಾಡು’ ಯಾಕಾಗಬಾರದು ಅಂತ ಮೊದಲ ಕರಡಿನಲ್ಲಿ ಬರೆದೂಬಿಟ್ಟೆ.

ಆಮೇಲೆ ಹಾಡುಗಳ ಅರ್ಥ ನೋಡುತ್ತ ಹೋದೆ. ಈ ಸಂಗೀತ ಬೆಳೆದದ್ದು ಲಿಮಾ ನಗರದಲ್ಲಿ, ಅಲ್ಲಿಂದ ದಕ್ಷಿಣಕ್ಕೆ ಕಾನ್ಯೆತೆ, ಚಿಂಚಾ ಕಡೆಯ ಕರಾವಳಿಯಲ್ಲಿ. ಕಬ್ಬು, ಹತ್ತಿ ತೋಟಗಳಿಗೆ ಹಿಡಿದು ತಂದ ಗುಲಾಮರು ಮತ್ತು ಅವರ ಮಕ್ಕಳು ಮೊಮ್ಮಕ್ಕಳ ಸಂಗೀತ ಇದು. ಪೆರುವಿನಲ್ಲಿ ಗುಲಾಮಗಿರಿ ರದ್ದಾದದ್ದು 1854ರಲ್ಲಿ. ಫೆಸ್ತೆಹೊ ಕೂಟಗಳಲ್ಲಿ ಹಾಡುವ ಒಂದು ಹಳೆಯ ಹಾಡಿನ ಸಾರ ಇಷ್ಟು: ಆ ತೋಟಕ್ಕೆ ನಾನಿನ್ನು ಹೋಗೋದಿಲ್ಲ, ಅಲ್ಲಿ ಚಾಟಿಯೇಟು ನಿಲ್ಲೋದೇ ಇಲ್ಲ. ಲಯ ಮಾತ್ರ ಕೂತವರನ್ನು ಎಬ್ಬಿಸುವಂಥದ್ದು. ಇದಕ್ಕೆ ‘ಹಬ್ಬದ ಹಾಡು’ ಅಂತ ಚೀಟಿ ಅಂಟಿಸಲು ಕೈ ಬರಲಿಲ್ಲ. ಹೆಸರನ್ನು ಹಾಗೇ ಉಳಿಸಿಕೊಂಡೆ.

‘ಸಾಂಪ್ರದಾಯಿಕ’ ಅನ್ನುವ ಪದವನ್ನೂ ಹೊಡೆದುಹಾಕಿದೆ. ಇವತ್ತು ವೇದಿಕೆಯ ಮೇಲೆ ನೋಡುವ ಫೆಸ್ತೆಹೊ ಅಷ್ಟೊಂದು ಹಳೆಯದಲ್ಲ. ನಡುವೆ ಬಹಳಷ್ಟು ಮರೆತುಹೋಗಿತ್ತು. 1956ರಲ್ಲಿ ಹೊಸೆ ದುರಾಂದ್ ಅನ್ನುವ ವಿದ್ವಾಂಸ ಕಟ್ಟಿದ ಪಾಂಚೊ ಫಿಯೆರೊ ತಂಡ, ಅದರ ಬೆನ್ನಿಗೇ ವಿಕ್ಟೋರಿಯಾ ಮತ್ತು ನಿಕೊಮೆದೆಸ್ ಸಾಂತಾ ಕ್ರೂಸ್ ಅನ್ನುವ ಅಕ್ಕ ತಮ್ಮ, 1969ರಲ್ಲಿ ಶುರುವಾದ ಪೆರು ನೆಗ್ರೊ ತಂಡ, ಇವರೆಲ್ಲ ಹಿರಿಯರ ನೆನಪಿನ ಚೂರುಗಳನ್ನು ಹೆಕ್ಕಿ, ಕಳೆದುಹೋದ ಕಡೆ ತಾವೇ ತೇಪೆ ಹಾಕಿ ಮತ್ತೆ ಕಟ್ಟಿದರು. ಇದಕ್ಕೆ ‘ಮರಳಿ ಕಟ್ಟಿದ’ ಅಂತ ಬರೆದಿದ್ದೇನೆ. ಒಪ್ಪುತ್ತೀರಾ?

ಈಗ ವಾದ್ಯ. ‘ಕಹೋನ್’ ಒಂದೂವರೆ ಅಡಿ ಎತ್ತರದ ಮರದ ಡಬ್ಬ. ಅದರ ಮೇಲೇ ಕೂತು, ಕಾಲು ಅಗಲಿಸಿ, ಸ್ವಲ್ಪ ಮುಂದೆ ಬಾಗಿ ಎದುರಿನ ತೆಳು ಹಲಗೆಗೆ ಬಾರಿಸಬೇಕು. ನಡುವೆ ಅಂಗೈ ಬಿದ್ದರೆ ‘ಧುಂ’, ಮೇಲಿನ ಅಂಚಿಗೆ ಬೆರಳು ಬಿದ್ದರೆ ‘ಟಕ್’. ಹಿಂದಿನ ಹಲಗೆಯಲ್ಲಿ ದುಂಡನೆ ತೂತು. ಸರಕು ತುಂಬುವ ಪೆಟ್ಟಿಗೆಗಳೇ ಮೊದಲ ಕಹೋನ್‌ಗಳು ಅನ್ನುತ್ತಾರೆ. 2001ರಲ್ಲಿ ಪೆರು ಸರ್ಕಾರ ಇದನ್ನು ದೇಶದ ಪರಂಪರೆಯ ಸೊತ್ತು ಅಂತ ಘೋಷಿಸಿತು. ಬೆಂಗಳೂರಿನ ಕೆಫೆಗಳಲ್ಲಿ ಗಿಟಾರಿನ ಪಕ್ಕ ಕೂತು ಹುಡುಗರು ಬಾರಿಸುವುದೂ ಇದನ್ನೇ. ಅಂಗಡಿಯವರೊಬ್ಬರು ನನಗೆ ‘ಕಾಜಾನ್ ಬೇಕಾ ಮೇಡಂ’ ಅಂದರು, ಇರಲಿ.

ಪದದ ಅರ್ಥ ಸರಳ. ‘ಕಾಹ’ ಅಂದರೆ ಪೆಟ್ಟಿಗೆ, ‘ಓನ್’ ಸೇರಿದರೆ ದೊಡ್ಡದು. ಹಾಗಾದರೆ ಕನ್ನಡದಲ್ಲಿ ಪೆಟ್ಟಿಗೆ ಅನ್ನೋಣವೇ? ತೊಂದರೆ ಏನೆಂದರೆ ಸಂಗೀತದ ಮಾತಿನಲ್ಲಿ ಪೆಟ್ಟಿಗೆ ಅಂದರೆ ನಮಗೆ ಆಗಲೇ ಶ್ರುತಿಪೆಟ್ಟಿಗೆ, ಉತ್ತರ ಕರ್ನಾಟಕದಲ್ಲಿ ಪೇಟಿ ಅಂದರೆ ಹಾರ್ಮೋನಿಯಂ. ‘ಪೇಟಿ ಮಾಸ್ತರ’ ಅಂದರೆ ಯಾರೂ ಕಹೋನ್ ಬಾರಿಸುವವನನ್ನು ನೆನೆಯುವುದಿಲ್ಲ. ಹೆಬ್ಬಾವು, ಹೆಬ್ಬಾಗಿಲು ಇದ್ದ ಹಾಗೆ ‘ಹೆಪ್ಪೆಟ್ಟಿಗೆ’ ಅಂತಲೂ ಮಾಡಿ ನೋಡಿದೆ. ಮೊಸರಿನ ಪಾತ್ರೆ ಕಣ್ಣ ಮುಂದೆ ಬಂತು, ಬಿಟ್ಟೆ. ಸದ್ಯಕ್ಕೆ ‘ಕಹೋನ್’, ಮೊದಲ ಸಲ ಬಂದಾಗ ಮಾತ್ರ ‘ಕೂತು ಬಾರಿಸುವ ಮರದ ಡಬ್ಬ’. ಇದರ ತಂಗಿ ‘ಕಹೀತ’, ಅಂದರೆ ಪುಟ್ಟ ಪೆಟ್ಟಿಗೆ. ಚರ್ಚಿನ ಕಾಣಿಕೆ ಡಬ್ಬಿಯ ಹಾಗಿರುತ್ತದೆ. ಕೊರಳಿಗೆ ತೂಗುಹಾಕಿಕೊಂಡು ಒಂದು ಕೈಯಲ್ಲಿ ಮುಚ್ಚಳ ತೆರೆದು ಮುಚ್ಚುತ್ತ, ಇನ್ನೊಂದು ಕೈಯಲ್ಲಿ ಕೋಲಿನಿಂದ ಹೊಡೆಯುತ್ತಾರೆ. ಇನ್ನು ‘ಕಿಹಾದ’ ನಿಜವಾಗಿ ಕತ್ತೆಯ ದವಡೆ. ಒಣಗಿ ಹಲ್ಲು ಸಡಿಲಾದ ಮೇಲೆ ಮುಷ್ಟಿಯಿಂದ ಗುದ್ದಿದರೆ ಹಲ್ಲೆಲ್ಲ ಗಲಗಲ ಅನ್ನುತ್ತವೆ. ಇದಕ್ಕೆ ‘ದವಡೆ’ ಅಂತಲೇ ಬರೆದೆ, ಹಿಂಜರಿಯಲಿಲ್ಲ.

ಒಂದು ಎಚ್ಚರಿಕೆ. ಫೆಸ್ತೆಹೊಗಿಂತ ನಿಧಾನವಾಗಿ ಸಾಗುವ ‘ಲಾಂದೋ’ ಅನ್ನುವ ಪ್ರಕಾರವೂ ಇದೆ. ನಿಘಂಟು ತೆಗೆದರೆ ಇದಕ್ಕೆ ಕುದುರೆ ಸಾರೋಟು ಅಂತ ಸಿಗುತ್ತದೆ. ಅದು ಜರ್ಮನಿಯ ಊರೊಂದರ ಹೆಸರಿನಿಂದ ಬಂದ ಬೇರೆಯೇ ಪದ. ಹಾಡಿನ ಲಾಂದೋವನ್ನು ಅಂಗೋಲದ ‘ಲುಂಡು’ ಕುಣಿತಕ್ಕೆ ಜೋಡಿಸಿದವರು ನಿಕೊಮೆದೆಸ್. ಅದನ್ನು ಎಲ್ಲರೂ ಒಪ್ಪಿಲ್ಲ.

ಈಗ ನನ್ನ ನಿಜವಾದ ಪ್ರಶ್ನೆ. ಫೆಸ್ತೆಹೊದ ಲೆಕ್ಕ ಆರು ಮಾತ್ರೆಯದು. ಅದೇ ಆರನ್ನು ಒಬ್ಬರು ‘ತಕಿಟ ತಕಿಟ’ ಅಂತ, ಇನ್ನೊಬ್ಬರು ‘ತಕ ತಕ ತಕ’ ಅಂತ ಒಟ್ಟಿಗೇ ಒಡೆಯುತ್ತಾರೆ. ಮೇಜಿನ ಮೇಲೆ ಮಾಡಿ ನೋಡಿ: ಎಡಗೈ 1, 4ಕ್ಕೆ, ಬಲಗೈ 1, 3, 5ಕ್ಕೆ. ನನಗೆ ಎರಡು ದಿನ ಹಿಡಿಯಿತು, ಮೂರನೇ ದಿನ ಚಪಾತಿ ಲಟ್ಟಿಸುವಾಗ ತಾನಾಗಿ ಬಂತು. ಪಾಶ್ಚಾತ್ಯರು ಇದನ್ನು ‘ಹೆಮಿಯೋಲ’ ಅನ್ನುತ್ತಾರೆ. ಕನ್ನಡಿಗರಿಗೆ ಇದರ ಅರ್ಧ ಗೊತ್ತೇ ಇದೆ. ಭೋಗ ಷಟ್ಪದಿಯ ಹನ್ನೆರಡು ಮಾತ್ರೆಯ ಸಾಲು ಮೂರು ಮೂರಾಗಿ ನಡೆಯುತ್ತದೆ. ಅದನ್ನೇ ಓದುತ್ತಿರುವಾಗ ಪಕ್ಕದಲ್ಲಿ ಯಾರೋ ಎರಡೆರಡಕ್ಕೆ ಚಪ್ಪಾಳೆ ತಟ್ಟಿದರೆ ಹೇಗಿರುತ್ತದೋ ಹಾಗೆ. ‘ಗತಿಭೇದ’ ಅನ್ನಲು ಮನಸ್ಸಿಲ್ಲ. ಅದರಲ್ಲಿ ಒಂದು ನಡೆ ಬಿಟ್ಟು ಇನ್ನೊಂದಕ್ಕೆ ಹೋಗುತ್ತೇವೆ, ಇಲ್ಲಿ ಎರಡೂ ಜೊತೆಗೇ ಇರುತ್ತವೆ. ನನಗೆ ತೋಚಿದ್ದು ‘ಜೋಡಿನಡೆ’. ‘ಇಬ್ಬಗೆ ನಡೆ’ ಅಂದರೆ ಯಾಕೋ ಮೋಸದ ವಾಸನೆ ಬರುತ್ತದೆ.

ಚೆಂಡೆ, ಮದ್ದಳೆ, ಡೊಳ್ಳು ಬಾರಿಸುವವರು ಗುಂಪಿನಲ್ಲಿದ್ದರೆ ಕೇಳುತ್ತೇನೆ: ಹೀಗೆ ಮೂರು ಮತ್ತು ಎರಡು ಒಟ್ಟಿಗೆ ಓಡಿದಾಗ ನಿಮ್ಮ ಮೇಳದಲ್ಲಿ ಏನನ್ನುತ್ತೀರಿ? ಪುಸ್ತಕದ ಪದ ಬೇಡ, ಬಾಯಲ್ಲಿರುವುದನ್ನೇ ಹೇಳಿ. ಅಚ್ಚಿಗೆ ಹೋಗುವುದು ಗುರುವಾರ.