ನಿಮ್ಮ ದೇಶದ ಸೇನೆಗೆ ಯಾವ ಪಡೆ? ಮೇಜರ್ ಅವರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಎರಡನೆಯ ಮಹಾಯುದ್ಧದ ನಕಾಶೆ ಆಟದ ಹೊಸ ಸುತ್ತಿಗೆ ಎಲ್ಲರೂ ಒಂದೊಂದು ದೇಶ ಆರಿಸಿಕೊಂಡಿದ್ದೀರಿ. ಪ್ರತಿ ದೇಶಕ್ಕೂ 100 ಅಂಕ. ಪಡೆಗಳು, ಮದ್ದುಗುಂಡು, ಸಾಗಾಟ ಎಲ್ಲವನ್ನೂ ಅಷ್ಟರಲ್ಲೇ ಕೊಳ್ಳಬೇಕು. ಸೇನೆಯ ಪೂರೈಕೆ ವಿಭಾಗದಿಂದ ನಿವೃತ್ತರಾಗಿ, ಈಗ ಇಂಥ ಆಟಗಳಿಗೆ ತೀರ್ಪುಗಾರರಾಗಿರುವ ಮೇಜರ್ ಸರ್ ಉತ್ತರಿಸುತ್ತಾರೆ. ದೇಶ, ವರ್ಷ ಎರಡನ್ನೂ ತಿಳಿಸಿ ಕೇಳಿ.

ಉಕ್ಕಿನಕೋಟೆ: ನಮಸ್ಕಾರ ಸರ್. ನನ್ನದು 1943ರ ಜರ್ಮನಿ. ಅತ್ಯುತ್ತಮ ಟ್ಯಾಂಕ್ ಯಾವುದು? ಎಲ್ಲವನ್ನೂ ಟೈಗರ್‌ಗೇ ಹಾಕಲೇ?

ಮೇಜರ್: ನಮಸ್ಕಾರ. ಬೇಡ. ಟೈಗರ್ 50 ಟನ್‌ಗಿಂತ ಹೆಚ್ಚು ತೂಗುತ್ತದೆ. ಎಷ್ಟೋ ಸೇತುವೆಗಳು ಅದನ್ನು ಹೊರುವುದಿಲ್ಲ. ಕೆಟ್ಟು ನಿಂತರೆ ಎಳೆದು ತರುವುದೇ ಒಂದು ಕಾರ್ಯಾಚರಣೆ. ಯುದ್ಧ ಮುಗಿಯುವವರೆಗೆ ತಯಾರಾದದ್ದೇ ಸುಮಾರು 1,350. ಶತ್ರು ಒಳನುಗ್ಗಿದ ಕಡೆಗೆ ಕಳುಹಿಸಲು ಒಂದು ದಳ ಇಟ್ಟುಕೊಳ್ಳಿ. ಉಳಿದ ಅಂಕ ನಾಲ್ಕನೆಯ ಮಾದರಿಯ ಪಾಂಜರ್ ಟ್ಯಾಂಕ್‌ಗೆ ಮತ್ತು ದುರಸ್ತಿ ದಳಕ್ಕೆ ಹೋಗಲಿ.

ಗಾಳಿಪಟ: ಸರ್, 1940ರ ಇಟಲಿ. ಚಿಕ್ಕ ಡಿವಿಷನ್‌ಗಳು ಹೆಚ್ಚಿರಬೇಕೇ, ದೊಡ್ಡವು ಕೆಲವೇ ಇರಬೇಕೇ?

ಮೇಜರ್: ದೊಡ್ಡವು ಕೆಲವೇ ಇರಲಿ. ಡಿವಿಷನ್ ಎಂದರೆ ಹಲವು ರೆಜಿಮೆಂಟ್‌ಗಳು ಸೇರಿದ ದೊಡ್ಡ ಪಡೆ. ಯುದ್ಧಕ್ಕೆ ಮುನ್ನ ಇಟಲಿ ತನ್ನ ಕಾಲಾಳು ಡಿವಿಷನ್‌ಗಳನ್ನು ಮೂರು ರೆಜಿಮೆಂಟ್‌ನಿಂದ ಎರಡಕ್ಕೆ ಇಳಿಸಿತು. ಕಾಗದದ ಮೇಲೆ ಡಿವಿಷನ್‌ಗಳ ಸಂಖ್ಯೆ ಏರಿತು. ಆದರೆ ಎರಡೂ ಮುಂದೆ ನಿಂತರೆ ಹಿಂದೆ ಮೀಸಲು ಎಲ್ಲಿಂದ ಬರಬೇಕು? 1940ರ ಅಕ್ಟೋಬರ್ 28ರಂದು ಗ್ರೀಸ್ ಮೇಲೆ ದಾಳಿ ಮಾಡಿದವರು ಬೆಟ್ಟಗಳಲ್ಲಿ ಅದರ ಬೆಲೆ ತೆತ್ತರು.

ಕಡಲಕಾಗೆ: 1941ರ ಜಪಾನ್. ವಿಮಾನವಾಹಕ ನೌಕೆಗಳಿಗೆ ಎಷ್ಟು ಅಂಕ, ತೈಲ ಸಾಗಿಸುವ ಹಡಗುಗಳಿಗೆ ಎಷ್ಟು?

ಹಿಮಜಾಡು: ಸರ್, ನನ್ನದು 1939ರ ಫಿನ್ಲೆಂಡ್. ಎದುರಾಳಿ ಸೋವಿಯತ್ ಒಕ್ಕೂಟ, ಅವರ ಬಳಿ ಟ್ಯಾಂಕ್‌ಗಳಿಗೆ ಲೆಕ್ಕವಿಲ್ಲ. ಗೆಳೆಯರೊಬ್ಬರು ಇದನ್ನು ಕಳುಹಿಸಿದರು: ‘ಗೆಲ್ಲುವ ಸೇನೆಯ ಗುಟ್ಟು! ಯಾವ ದೇಶವಾದರೂ ಸರಿ, 60 ಅಂಕ ಟ್ಯಾಂಕ್, 30 ಅಂಕ ಬಾಂಬರ್, 10 ಅಂಕ ಕಾಲಾಳು. ಹತ್ತು ಜನರಿಗೆ ತಲುಪಿಸಿ.’ ಹಾಗೇ ಮಾಡಿದೆ. ಅಭ್ಯಾಸದ ಆಟದಲ್ಲಿ ನಾಲ್ಕನೆಯ ಸರದಿಗೆ ರಾಜಧಾನಿ ಹೋಯಿತು. ಎಲ್ಲಿ ತಪ್ಪಿದೆ?

ಮೇಜರ್: ಮೊದಲು ಆ ಸಂದೇಶವನ್ನು ಅಳಿಸಿ. ದೇಶ ಕೇಳದೆ, ನೆಲ ನೋಡದೆ ಬರೆದ ಸೂತ್ರ ಅದು. ಈಗ ನಕಾಶೆಯನ್ನು ಮುಂದಿಟ್ಟುಕೊಂಡು ಓದಿ.

ನಿಮ್ಮ ಗಡಿಯಲ್ಲಿ ಎರಡು ಬೇರೆ ಬೇರೆ ಯುದ್ಧಗಳಿವೆ. ದಕ್ಷಿಣದ ಕರೇಲಿಯ ಭೂಸಂಧಿ, ಅಂದರೆ ಎರಡು ನೀರಿನ ನಡುವಿನ ನೆಲದ ಪಟ್ಟಿ, ಕಿರಿದು. ದೊಡ್ಡ ಸೈನ್ಯ ರಾಜಧಾನಿಯ ಕಡೆಗೆ ಬರುವುದು ಅಲ್ಲಿಂದಲೇ. ಅಲ್ಲಿ ಬೇಕಾದದ್ದು ಕಂದಕದಲ್ಲಿ ಕೂತು ನೆಲ ಬಿಡದ ಕಾಲಾಳು, ಅವರ ಹಿಂದೆ ಫಿರಂಗಿ. ಉತ್ತರಕ್ಕೆ ಹೋದರೆ ಬರೀ ಕಾಡು, ಹಿಮ, ಒಂಟಿ ರಸ್ತೆಗಳು. ಅಲ್ಲಿ ಶತ್ರುವಿನ ಡಿವಿಷನ್ ಎಷ್ಟು ದೊಡ್ಡದಾದರೂ ರಸ್ತೆ ಬಿಟ್ಟು ಇಳಿಯಲಾರದು. 1940ರ ಜನವರಿಯಲ್ಲಿ ರಾತೆ ರಸ್ತೆಯಲ್ಲಿ ಸೋವಿಯತ್ 44ನೆಯ ಡಿವಿಷನ್‌ಗೆ ಆದದ್ದು ಇದೇ. ಮೈಲಿಗಟ್ಟಲೆ ಚಾಚಿ ನಿಂತ ಸಾಲನ್ನು ಸ್ಕೀ ಮೇಲೆ ಬಂದ ಫಿನ್ನಿಷ್ ಪಡೆಗಳು ತುಂಡು ತುಂಡಾಗಿ ಕತ್ತರಿಸಿದವು. ಟ್ಯಾಂಕ್‌ಗಳಿದ್ದವು, ಹಿಂದಿನಿಂದ ಇಂಧನ ಬರಲಿಲ್ಲ. ಸೈನಿಕರಿದ್ದರು, ಊಟ ಬರಲಿಲ್ಲ.

ನೀವು ಕೊಂಡ ಟ್ಯಾಂಕ್‌ಗಳಿಗೂ ಆ ಕಾಡಿನಲ್ಲಿ ಅದೇ ಗತಿ. ನಿಜವಾದ ಫಿನ್ಲೆಂಡ್ ಬಳಿ ಕೆಲವೇ ಡಜನ್ ಟ್ಯಾಂಕ್ ಇದ್ದವು, ಹಲವು ಹಳೆಯವು. 1940ರ ಫೆಬ್ರವರಿ 26ರಂದು ಹೊಂಕನಿಯೆಮಿಯಲ್ಲಿ ಅವುಗಳಲ್ಲಿ ಕೆಲವನ್ನು ದಾಳಿಗೆ ಇಳಿಸಿದರು, ಫಲ ಸಿಗಲಿಲ್ಲ. ಟ್ಯಾಂಕ್ ತಡೆದದ್ದು 37 ಮಿಲಿಮೀಟರ್ ಬೊಫೋರ್ಸ್ ತೋಪುಗಳು ಮತ್ತು ಹತ್ತಿರಕ್ಕೆ ನುಗ್ಗಿ ಬೆಂಕಿ ಬಾಟಲಿ ಎಸೆದವರು.

ನಿಮ್ಮ ಅಂಕದಲ್ಲಿ ಅರ್ಧದಷ್ಟು ಕಾಲಾಳಿಗೆ ಹೋಗಲಿ, ಅದರಲ್ಲಿ ಸಣ್ಣ ಪಾಲು ಉತ್ತರದ ಸ್ಕೀ ಬೆಟಾಲಿಯನ್‌ಗಳಿಗೆ. 15 ಅಂಕಕ್ಕೆ ಟ್ಯಾಂಕ್ ನಿರೋಧಕ ತೋಪು. ಫಿರಂಗಿ ಕೊಳ್ಳುವಾಗ ಎಚ್ಚರ, ನನಗೆ ಹೆಚ್ಚು ಆತಂಕ ಇಲ್ಲೇ. ಎಲ್ಲರೂ ತೋಪಿನ ಸಂಖ್ಯೆ ನೋಡುತ್ತಾರೆ, ಅದು ಹಾರಿಸುವ ಶೆಲ್ ಕೊಳ್ಳುವುದಿಲ್ಲ. ಫಿನ್ಲೆಂಡ್‌ಗೆ ಶೆಲ್‌ಗಳ ಕೊರತೆ ಮೊದಲ ದಿನದಿಂದಲೂ ಇತ್ತು. ಫೆಬ್ರವರಿಯಲ್ಲಿ ಸೋವಿಯತ್ ಫಿರಂಗಿಗಳು ಸುಮ್ಮನಾಗದೆ ಸಿಡಿದಾಗ ಸರಿಸಮನಾಗಿ ಉತ್ತರಿಸಲು ಆಗಲಿಲ್ಲ. 11ರಂದು ಭೂಸಂಧಿಯ ಸುಮ್ಮದ ಬಳಿ ಫಿನ್ನಿಷ್ ರಕ್ಷಣಾ ಸಾಲು ಒಡೆಯಿತು, ಮಾರ್ಚ್ 13ಕ್ಕೆ ಕದನ ನಿಂತಿತು. ಆದ್ದರಿಂದ ಎರಡು ತೋಪು ಕಡಿಮೆ ಮಾಡಿ, ಆ ಅಂಕಕ್ಕೆ ಶೆಲ್ ತೆಗೆದುಕೊಳ್ಳಿ. ಕೊನೆಯ 10 ಅಂಕ ಮೀಸಲು. ಮೂರನೆಯ ಸರದಿಯಲ್ಲಿ ಕೈ ತುರಿಸಿದರೂ ಮುಟ್ಟಬೇಡಿ. ಹೊಸ ಪಟ್ಟಿ ಮಾಡಿ ಇಲ್ಲೇ ಹಾಕಿ, ನೋಡುತ್ತೇನೆ.

ಸಿಡಿಲಮರಿ: ಅತ್ಯುತ್ತಮ ಟ್ಯಾಂಕ್ ಯಾವುದು ಸರ್?

ಮೇಜರ್: ಯಾವ ದೇಶ? ಯಾವ ವರ್ಷ?

ಸಿಡಿಲಮರಿ: ಒಟ್ಟಾರೆ ಹೇಳಿ ಸರ್.

ಮೇಜರ್: ಒಟ್ಟಾರೆ ಎನ್ನುವ ದೇಶ ನಕಾಶೆಯಲ್ಲಿಲ್ಲ.

ಕುದುರೆಲಾಳ: 1939ರ ಪೋಲೆಂಡ್ ನನ್ನದು. ಅಶ್ವದಳಕ್ಕೆ ಅಂಕ ಹಾಕುವುದು ವ್ಯರ್ಥವೇ?

ಉಕ್ಕಿನಕೋಟೆ: ಪೂರ್ತಿ ವ್ಯರ್ಥ. ಈಟಿ ಹಿಡಿದು ಟ್ಯಾಂಕ್‌ಗಳ ಮೇಲೆ ಏರಿ ಹೋದವರು ಅವರು. ಇದು ಎಲ್ಲರಿಗೂ ಗೊತ್ತಿರುವ ವಿಷಯ.

ಹಳೆನಕಾಶೆ: ಎಲ್ಲರಿಗೂ ಗೊತ್ತಿರುವುದು ಸುಳ್ಳು. ಸೆಪ್ಟೆಂಬರ್ 1ರಂದು ಕ್ರೋಯಾಂಟಿಯಲ್ಲಿ ಅವರು ಎರಗಿದ್ದು ಜರ್ಮನ್ ಕಾಲಾಳುಗಳ ಮೇಲೆ. ಕವಚವಾಹನಗಳು ಆಮೇಲೆ ಬಂದು ಗುಂಡಿನ ಮಳೆಗರೆದವು.

ಉಕ್ಕಿನಕೋಟೆ: ಸತ್ತರು ತಾನೇ? ಟ್ಯಾಂಕ್ ಆದರೇನು, ಕವಚವಾಹನ ಆದರೇನು?

ಹಳೆನಕಾಶೆ: ಅದೇ ದಿನ ಮೋಕ್ರಾದಲ್ಲಿ ಪೋಲೆಂಡಿನ ಇನ್ನೊಂದು ಅಶ್ವದಳ ಬ್ರಿಗೇಡ್ ಕುದುರೆ ಇಳಿದು, ತೋಪು ಹೂಡಿ, ಜರ್ಮನಿಯ 4ನೆಯ ಪಾಂಜರ್ ಡಿವಿಷನ್ ಅನ್ನು ದಿನವಿಡೀ ತಡೆಯಿತು. ಕುದುರೆ ಅವರಿಗೆ ಸಾಗಾಟದ ಸಾಧನ. ಒಂದು ಪುಟ ಓದಿ ಬಂದು ಮಾತನಾಡಿ.

ಉಕ್ಕಿನಕೋಟೆ: ನೀವು ನನಗೆ ಪಾಠ ಹೇಳುವ ಅಗತ್ಯವಿಲ್ಲ. ಜರ್ಮನಿ ಇಡೀ ಸೇನೆಯನ್ನು ಯಂತ್ರಕ್ಕೆ ಏರಿಸಿ ಗೆದ್ದಿತು. ನೋಡಿ, ನನಗೆ ಬಂದ ಸಂದೇಶ: ‘ಮಿಂಚಿನ ಯುದ್ಧದ ರಹಸ್ಯ, ಒಬ್ಬ ಸೈನಿಕನೂ ನಡೆಯಲಿಲ್ಲ…’

ಮೇಜರ್: ಸಾಕು. ಇಂಥ ಸಂದೇಶಗಳನ್ನು ಇಲ್ಲಿ ಹಾಕಬೇಡಿ ಎಂದು ಎಷ್ಟು ಸಲ ಹೇಳಬೇಕು? 1941ರಲ್ಲಿ ಸೋವಿಯತ್ ನೆಲಕ್ಕೆ ನುಗ್ಗಿದ ಜರ್ಮನ್ ಸೇನೆಯ ಜೊತೆ 6 ಲಕ್ಷ ಕುದುರೆಗಳಿದ್ದವು. ಕಾಲಾಳು ಡಿವಿಷನ್‌ಗಳು ನಡೆದೇ ಹೋದವು. ಇದನ್ನು ನಂಬಿ ನೀವು ಲಾರಿಗಳಿಗೇ ಅಂಕ ಸುರಿದರೆ ಇಂಧನ ಮುಗಿದ ಸರದಿಯಲ್ಲಿ ನಿಮ್ಮ ಇಡೀ ಸೇನೆ ನಿಂತಲ್ಲೇ ನಿಲ್ಲುತ್ತದೆ. ಕುದುರೆಲಾಳ ಅವರೇ, ಅಶ್ವದಳ ಕೊಳ್ಳಿ, ಪ್ರತಿ ಬ್ರಿಗೇಡ್‌ಗೂ ಟ್ಯಾಂಕ್ ನಿರೋಧಕ ತೋಪು ಕೊಡಿ, ಕುದುರೆಯ ಮೇಲಿಂದ ದಾಳಿ ಮಾಡಿಸಬೇಡಿ.

ಉಕ್ಕಿನಕೋಟೆ: ತೀರ್ಪುಗಾರರು ಒಂದೇ ಪಕ್ಷದ ಮಾತು ಕೇಳುತ್ತಿದ್ದಾರೆ.

ಹಳೆನಕಾಶೆ: ಪುರಾವೆ ಇರುವ ಪಕ್ಷದ ಮಾತು.

ನಿರ್ವಾಹಕರು: ಇಬ್ಬರೂ ನಿಲ್ಲಿಸಿ. ಮುಂದಿನ ವಾದಕ್ಕೆ ಸಂದೇಶ ಅಳಿಸಲಾಗುವುದು.

ಬೆಳ್ಳಿಚುಕ್ಕಿ: 1940ರ ಫ್ರಾನ್ಸ್. ನನ್ನ ಟ್ಯಾಂಕ್‌ಗಳನ್ನು ಎಲ್ಲ ಕಾಲಾಳು ಡಿವಿಷನ್‌ಗಳಿಗೂ ಸಮನಾಗಿ ಹಂಚಲೇ?

ಮೇಜರ್: ಹಂಚಬೇಡಿ. ಫ್ರಾನ್ಸ್ ಮತ್ತು ಅದರ ಮಿತ್ರರ ಟ್ಯಾಂಕ್‌ಗಳು ಸಂಖ್ಯೆಯಲ್ಲಿ ಜರ್ಮನಿಗಿಂತ ಕಡಿಮೆ ಇರಲಿಲ್ಲ. ಅವುಗಳಲ್ಲಿ ಬಹಳಷ್ಟು ಕಾಲಾಳು ಪಡೆಗಳ ನಡುವೆ ಚದುರಿದ್ದವು, ಹಲವಕ್ಕೆ ರೇಡಿಯೊ ಕೂಡ ಇರಲಿಲ್ಲ. ಜರ್ಮನಿ ತನ್ನವನ್ನು 10 ಪಾಂಜರ್ ಡಿವಿಷನ್‌ಗಳಲ್ಲಿ ಒಟ್ಟುಗೂಡಿಸಿ, ಮೇ 13ರಂದು ಸೆಡಾನ್ ಬಳಿ ಮ್ಯೂಸ್ ನದಿ ದಾಟಿತು. ನಿಮ್ಮ ಟ್ಯಾಂಕ್‌ಗಳನ್ನು ಒಂದೆಡೆ ಸೇರಿಸಿ ಸೆಡಾನ್ ಹಿಂದೆ ಇಡಿ.

ಸಿಡಿಲಮರಿ: ಸರ್, ನನ್ನ ಪ್ರಶ್ನೆ ಹಾಗೇ ಉಳಿಯಿತು. ಟ್ಯಾಂಕ್?

ಮೇಜರ್: ಮೇಲೆ ಓದಿ.

ಕಡಲಕಾಗೆ: ನೌಕಾಬಲದ ಬಗ್ಗೆ ಯಾರಾದರೂ ಹೇಳುತ್ತೀರಾ?

ಹಿಮಜಾಡು: ಸರ್, ಹೊಸ ಪಟ್ಟಿ. ಭೂಸಂಧಿಯ ಕಾಲಾಳು 40, ಸ್ಕೀ ಬೆಟಾಲಿಯನ್ 12, ಟ್ಯಾಂಕ್ ನಿರೋಧಕ ತೋಪು 15, ಫಿರಂಗಿ 18, ಶೆಲ್ 5, ಮೀಸಲು 10.

ಮೇಜರ್: ಶೆಲ್‌ಗೆ ಐದೇ? ಫಿರಂಗಿಯಿಂದ ಆರು ಅಂಕ ಕಿತ್ತು ಅಲ್ಲಿಗೆ ಹಾಕಿ. ಉಳಿದದ್ದು ಸರಿಯಿದೆ, ಆಡಿ.