ರಜೆಯಲ್ಲೇ ಜಿಯಾಮಿಟ್ರಿ ಮುಗಿಸಿಬಿಡಬಹುದಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಇರೋದು ಕ್ಯಾಲಿಫೋರ್ನಿಯಾದಲ್ಲಿ. ಮಗ ಏಳನೇ ಗ್ರೇಡ್, ಆಲ್ಜಿಬ್ರಾ 1 ಮುಗಿಸ್ತಿದ್ದಾನೆ, ಬಿ ಪ್ಲಸ್ ಬರ್ತಿದೆ. ರಜೆಯಲ್ಲಿ ಆರು ವಾರದ ಆನ್‌ಲೈನ್ ಕೋರ್ಸಲ್ಲಿ ಜಿಯಾಮಿಟ್ರಿ ಮುಗಿಸಿ, ಎಂಟನೇ ಗ್ರೇಡಲ್ಲೇ ಆಲ್ಜಿಬ್ರಾ 2ಕ್ಕೆ ಹಾಕೋಣ ಅಂತಾರೆ ನಮ್ಮ ಯಜಮಾನ್ರು. ನಾನು ಓದಿದ್ದು ದಾವಣಗೆರೆಯಲ್ಲಿ. ಇಲ್ಲಿನ ಲೆಕ್ಕ ನಂಗೆ ತಲೆಗೇ ಹತ್ತಲ್ಲ.

ಉತ್ತರ: ಊರಲ್ಲಿ ನಮಗೆ ಬೀಜಗಣಿತ, ರೇಖಾಗಣಿತ ಎಲ್ಲ ಒಂದೇ ಪುಸ್ತಕದಲ್ಲಿ, ಪ್ರತಿ ವರ್ಷ ಸ್ವಲ್ಪ ಸ್ವಲ್ಪ. ಇಲ್ಲಿ ಸಾಮಾನ್ಯವಾಗಿ ವರ್ಷಕ್ಕೊಂದೇ. ಆಲ್ಜಿಬ್ರಾ 1, ಜಿಯಾಮಿಟ್ರಿ, ಆಲ್ಜಿಬ್ರಾ 2, ಪ್ರಿಕ್ಯಾಲ್ಕುಲಸ್, ಆಮೇಲೆ ಎಪಿ ಕ್ಯಾಲ್ಕುಲಸ್. ಎಪಿ ಅಂದ್ರೆ ಹೈಸ್ಕೂಲಲ್ಲೇ ಕಲಿಯೋ ಕಾಲೇಜು ಮಟ್ಟದ ಕೋರ್ಸು. ನಿಮ್ಮ ಮಗ ಈಗಿನ ದಾರಿಯಲ್ಲೇ ಹೋದರೂ ಹನ್ನೊಂದರಲ್ಲಿ ಕ್ಯಾಲ್ಕುಲಸ್. ಅದೇ ಮುಂದಿದ್ದ ಹಾಗೆ.

ಹಾರಿಸಿದರೆ ಹತ್ತನೇ ಗ್ರೇಡಿಗೇ ಕ್ಯಾಲ್ಕುಲಸ್ BC, ಅಂದ್ರೆ ಎಪಿ ಕ್ಯಾಲ್ಕುಲಸಲ್ಲೇ ದೊಡ್ಡ ಕೋರ್ಸು. ಆಮೇಲೆರಡು ವರ್ಷ? ಎಪಿ ಸ್ಟ್ಯಾಟಿಸ್ಟಿಕ್ಸ್ ಒಂದಿದೆ. ಅದರಾಚೆಯ ಕಾಲೇಜು ಗಣಿತ, ಅಂದ್ರೆ ಮಲ್ಟಿವೇರಿಯಬಲ್ ಕ್ಯಾಲ್ಕುಲಸ್, ಲೀನಿಯರ್ ಆಲ್ಜಿಬ್ರಾ ಬೇಕಂದ್ರೆ ಎಷ್ಟೋ ಮಕ್ಕಳು ಕಮ್ಯುನಿಟಿ ಕಾಲೇಜಿಗೇ ಹೋಗಬೇಕು. ಕರ್ಕೊಂಡು ಹೋಗೋರ್ಯಾರು? ನಾನಂತೂ ಪ್ಲಾನನ್ನ ಹನ್ನೆರಡನೇ ಗ್ರೇಡಿಂದ ಹಿಂದಕ್ಕೆ ಬರೀತೀನಿ. ಕೊನೇ ವರ್ಷ ನಿಮ್ಮ ಹೈಸ್ಕೂಲಲ್ಲಿ ಯಾವ ಗಣಿತ ಕಲಿಸ್ತಾರೆ ಅಂತ ಕೌನ್ಸೆಲರನ್ನ ಕೇಳಿ. ಹೊರಗಿನ ಆನ್‌ಲೈನ್ ಕೋರ್ಸನ್ನ ಶಾಲೆ ಒಪ್ಪುತ್ತೋ ಇಲ್ಲವೋ ಅನ್ನೋದನ್ನೂ ಮೊದಲೇ ಬರಹದಲ್ಲಿ ತಗೊಳ್ಳಿ.

ನನಗೆ ಚಿಂತೆ ಆ ಬಿ ಪ್ಲಸ್ಸಿಂದು. ಹೋದ ವರ್ಷ ನನ್ನ ಕ್ಯಾಲ್ಕುಲಸ್ ಕ್ಲಾಸಲ್ಲಿ ಒಬ್ಬ ಹುಡುಗ ಡಿರೈವೆಟಿವ್ ನಿಯಮವನ್ನೆಲ್ಲ ಕರಾರುವಾಕ್ಕಾಗಿ ಹಚ್ಚಿದ. ಕೊನೇ ಸಾಲಲ್ಲಿ (ಎಕ್ಸ್ + 3)ರ ವರ್ಗ ಅಂದ್ರೆ ಎಕ್ಸ್ ವರ್ಗ + 9 ಅಂತ ಬರೆದ. ನಡುವಿನ 6ಎಕ್ಸ್ ಎಲ್ಲಪ್ಪಾ ಅಂದ್ರೆ ಪಿಳಿಪಿಳಿ ನೋಡ್ತಾನೆ. ಕ್ಯಾಲ್ಕುಲಸಲ್ಲಿ ಎಡವೋರು ಬಹಳ ಜನ ಎಡವೋದು ಆಲ್ಜಿಬ್ರಾದಲ್ಲೇ. ರಜೆಯಲ್ಲಿ ಕ್ಯಾಲ್ಕುಲೇಟರ್ ಎತ್ತಿಟ್ಟು ಫ್ಯಾಕ್ಟರಿಂಗ್, ಭಿನ್ನರಾಶಿ ಮಾಡಿಸಿ. ಗಣಿತದ ಹಸಿವು ಹೆಚ್ಚಿದ್ದರೆ ಎಎಂಸಿ 8 ಅನ್ನೋ ಮಕ್ಕಳ ಗಣಿತ ಸ್ಪರ್ಧೆಯ ಹಳೇ ಪೇಪರ್ ಕೊಡಿ, 40 ನಿಮಿಷಕ್ಕೆ 25 ಪ್ರಶ್ನೆ. ಓಟಕ್ಕಿಂತ ಅದರಲ್ಲಿ ತಲೆಗೆ ಕೆಲಸ ಜಾಸ್ತಿ.

ಇನ್ನೊಬ್ಬರ ಪ್ರಶ್ನೆ: ನಮ್ಮ ಮಗಳಿಗೆ ಒಂಬತ್ತರಲ್ಲಿ ಆಲ್ಜಿಬ್ರಾ 1. ಬಸ್ಸು ತಪ್ಪಿಹೋಯ್ತಾ ಮೇಡಂ?

ಉತ್ತರ: ಇಲ್ಲ. ಯುಸಿ, ಅಂದ್ರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕಾಲೇಜುಗಳು, ಸೇರೋಕೆ ಕೇಳೋದೇ ಮೂರು ವರ್ಷದ ಗಣಿತ, ನಾಲ್ಕಿದ್ದರೆ ಒಳ್ಳೇದು ಅಂತಾರೆ. ಆದರೂ ಕ್ಯಾಲ್ಕುಲಸ್ ಬೇಕೇ ಬೇಕು ಅಂದ್ರೆ ಹತ್ತರಲ್ಲಿ ಜಿಯಾಮಿಟ್ರಿ, ಆಲ್ಜಿಬ್ರಾ 2 ಎರಡನ್ನೂ ಒಟ್ಟಿಗೆ ತಗೋಬಹುದು, ಶಾಲೆ ಬಿಟ್ಟರೆ. ಒಂದು ಎಲೆಕ್ಟಿವ್ ಹೋಗುತ್ತೆ. ಅದು ಅವಳಿಗೆ ಇಷ್ಟವಾದ ಆರ್ಕೆಸ್ಟ್ರಾ ಆಗಿದ್ದರೆ ಬೇಡ.

ಮೊದಲ ಪ್ರಶ್ನೆಯವರು: ಯಜಮಾನ್ರಿಗೆ ಓದಿ ಹೇಳಿದೆ ಮೇಡಂ. ಫೀಸು ಆಗಲೇ ಕಟ್ಟಿಬಿಟ್ಟಿದ್ದಾರಂತೆ!

ಉತ್ತರ: ಹಾಗಾದ್ರೆ ರೀಫಂಡ್ ಕೊನೇ ದಿನ ಯಾವತ್ತು ನೋಡಿ, ಕೌನ್ಸೆಲರ್ ಆಮೇಲೆ.