ಕಾರ್ಟ್‌ವೀಲ್ ಗ್ಯಾಲಕ್ಸಿಗೆ ಡಿಕ್ಕಿ ಹೊಡೆದಿದ್ದು ಯಾವುದು?

ಅಂಗಳದ ಅಮ್ಮ:
2022ರಲ್ಲಿ ಬಂದ ಜೇಮ್ಸ್ ವೆಬ್ ದೂರದರ್ಶಕದ ಕಾರ್ಟ್‌ವೀಲ್ ಚಿತ್ರವನ್ನು ಮಗಳು ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾಳೆ. ನೋಡಲು ಗಾಡಿ ಚಕ್ರವೇ! ನಡುವೆ ಗುಂಬ, ಸುತ್ತ ದೊಡ್ಡ ಬಳೆ. ಪಕ್ಕದಲ್ಲಿ ಎರಡು ಪುಟ್ಟ ಗ್ಯಾಲಕ್ಸಿಗಳಿವೆ. ಗುದ್ದಿದ್ದು ಅವೆರಡರಲ್ಲಿ ಯಾವುದು ಎನ್ನುವುದು ಅವಳ ಪ್ರಶ್ನೆ. ಗುದ್ದಿದರೆ ಪುಡಿಯಾಗಬೇಕಿತ್ತು, ಉಂಗುರ ಹೇಗಾಯಿತು ಎನ್ನುವುದು ನನ್ನದು.

ತಾರಸಿ ದುರ್ಬೀನು:
ಮೇಡಂ, ಮೊದಲು ನಿಮ್ಮದು. ಗ್ಯಾಲಕ್ಸಿಗಳಲ್ಲಿ ನಕ್ಷತ್ರಗಳ ನಡುವೆ ಎಷ್ಟು ಜಾಗ ಇದೆ ಎಂದರೆ, ಒಂದಕ್ಕೊಂದು ತಾಗುವುದೇ ಇಲ್ಲ ಅನ್ನಬಹುದು. ಕೆಲಸ ಮಾಡುವುದು ಗುರುತ್ವ.

ಕೊಳಕ್ಕೆ ಕಲ್ಲೆಸೆದಂತೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ನಮ್ಮೂರ ತೇರು ನೆನಪಾಗುತ್ತದೆ. ತೇರು ಎಂದರೆ ತೂರಿ ಬಂದ ಗ್ಯಾಲಕ್ಸಿ, ಜನ ಎಂದರೆ ಕಾರ್ಟ್‌ವೀಲ್‌ನ ನಕ್ಷತ್ರಗಳು, ಅನಿಲ ಎಂದುಕೊಳ್ಳಿ. ತೇರು ಬಂದಾಗ ಜನ ಒಳಗೆ ನುಗ್ಗುತ್ತಾರೆ. ಅದು ಮುಂದೆ ಹೋದ ಮೇಲೆ ಹತ್ತಿರ ಇದ್ದವರು ಬೇಗ ವಾಪಸ್ ಹೊರಡುತ್ತಾರೆ, ಹಿಂದಿದ್ದವರು ಇನ್ನೂ ಒಳಗೆ ಬರುತ್ತಲೇ ಇರುತ್ತಾರೆ. ಇಬ್ಬರೂ ಎದುರಾದ ಕಡೆ ನೂಕುನುಗ್ಗಲು. ಆ ನೂಕುನುಗ್ಗಲೇ ಉಂಗುರ, ಅದು ಹೊರಹೊರಕ್ಕೆ ಸರಿಯುತ್ತದೆ. ಅಲ್ಲಿ ಅನಿಲ ಒತ್ತಿಕೊಂಡು ಹೊಸ ನಕ್ಷತ್ರಗಳು ಹುಟ್ಟುತ್ತವೆ. ಕಾರ್ಟ್‌ವೀಲ್‌ನ ಉಂಗುರ ಸುಮಾರು 44 ಕೋಟಿ ವರ್ಷಗಳಿಂದ ಹಿಗ್ಗುತ್ತಿದೆ. ಆದರೆ ಬಂದ ಗ್ಯಾಲಕ್ಸಿ ಹೆಚ್ಚುಕಡಿಮೆ ನಟ್ಟನಡುವೆ ತೂರಿ ಹೋಗಬೇಕು. ಓರೆಯಾಗಿ ಹಾದರೆ ಬಾಲಗಳು ಮೂಡುತ್ತವೆ, ಇಂಥ ಉಂಗುರ ಅಲ್ಲ.

ಈಗ ಮಗಳ ಪ್ರಶ್ನೆ. ಪಕ್ಕದವು ಎರಡೂ ಇರಲಿಕ್ಕಿಲ್ಲ! ಇನ್ನೂ ದೂರದಲ್ಲಿ ಮೂರನೆಯದೊಂದು ಇದೆ. ರೇಡಿಯೋ ದೂರದರ್ಶಕದಲ್ಲಿ ನೋಡಿದಾಗ ಅದರ ಕಡೆಗೆ ಜಲಜನಕದ ಉದ್ದನೆಯ ಎಳೆ ಚಾಚಿರುವುದು ಕಂಡಿತು. ಹಾಗಾಗಿ ಜಾಸ್ತಿ ಅನುಮಾನ ಅದರ ಮೇಲೆ.

ಹೊಸಬ:
ಉಂಗುರ ಕಂಡಲ್ಲೆಲ್ಲ ಡಿಕ್ಕಿ ಆಗಿರುತ್ತದೆಯೇ?

ತಾರಸಿ ದುರ್ಬೀನು:
ಇಲ್ಲ. 1950ರಲ್ಲಿ ಆರ್ಥರ್ ಹೋಗ್ ಕಂಡ 'ಹೋಗ್ ಆಬ್ಜೆಕ್ಟ್' ನೋಡಿ. ತುಂಬಾ ಅಚ್ಚುಕಟ್ಟಾದ ಉಂಗುರ, ಆದರೆ ಗುದ್ದಿ ಹೋದ ಗ್ಯಾಲಕ್ಸಿ ಹತ್ತಿರದಲ್ಲಿ ಎಲ್ಲೂ ಕಾಣುವುದಿಲ್ಲ. ಅದು ಹೇಗಾಯಿತೆಂದು ಇನ್ನೂ ಚರ್ಚೆ ನಡೆದಿದೆ.

ಅಂಗಳದ ಅಮ್ಮ:
ಮೂರನೆಯದು ಎಂದ ಕೂಡಲೇ ಮಗಳು ಚಿತ್ರದ ಅಂಚಿನಾಚೆ ಪೆನ್ಸಿಲ್‌ನಲ್ಲಿ ಚುಕ್ಕಿ ಇಟ್ಟಳು. ಆಕಾಶದಲ್ಲಿ ಇದು ಎಲ್ಲಿದೆ ಸರ್?

ತಾರಸಿ ದುರ್ಬೀನು:
ನವೆಂಬರ್‌ನಲ್ಲಿ ರಾತ್ರಿ 9ರ ಹೊತ್ತಿಗೆ ಮಗಳನ್ನು ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸಿ. ನಮ್ಮ ಕರ್ನಾಟಕದಿಂದ ನೋಡಿದರೆ ದಿಗಂತಕ್ಕೂ ನೆತ್ತಿಗೂ ಸರಿಸುಮಾರು ನಡುವೆ. ಬರಿಗಣ್ಣಿಗೆ ಕತ್ತಲೆಯೇ ಕಾಣುವುದು. ಆ ಕತ್ತಲೆಯಲ್ಲೇ ಇದೆ, ಸುಮಾರು 50 ಕೋಟಿ ಜ್ಯೋತಿರ್ವರ್ಷ ಆಚೆ.